ಲೆಕ್ಕ ಮೊದಲು, ಫೋನ್ ನಂಬರ್ ಆಮೇಲೆ

ದಾವಣಗೆರೆ

ಪ್ರೀತಿಯ ಪುಟ್ಟಿ,

ಚಳಿಗೆ ನಿಮ್ಮಮ್ಮನ ಮಂಡಿನೋವು ಸ್ವಲ್ಪ ಜಾಸ್ತಿ, ಆದರೂ ಸಂಜೆ ವಾಕಿಂಗ್ ಬಿಟ್ಟಿಲ್ಲ. ದಾವಣಗೆರೆ, ಹರಿಹರದಲ್ಲಿ ಮನೆ ಸಾಲ ಕೊಡುವ ಸಂಸ್ಥೆಯೊಂದರ ವೆಬ್‌ಸೈಟ್ ಮಾಡಿಕೊಡಬೇಕು ಅಂದೆಯಲ್ಲ, ಅವತ್ತಿನಿಂದ ನನಗೆ ಅದೇ ಯೋಚನೆ. ಬ್ಯಾಂಕಿನ ಸಾಲ ವಿಭಾಗದಲ್ಲೇ ತಲೆ ಬೆಳ್ಳಗಾದವನು ನಾನು. ನಿನ್ನ ಕೆಲಸಕ್ಕೆ ಬೇಕಾದ್ದು ನನ್ನ ಹತ್ತಿರ ಒಂದಿಷ್ಟಿದೆ.

ನಾನು ಹರಿಹರದ ಶಾಖೆಯಲ್ಲಿದ್ದಾಗ ನೀನಿನ್ನೂ ಚಿಕ್ಕವಳು. ಮೈಸೂರು ಕಿರ್ಲೋಸ್ಕರ್‌ನಲ್ಲಿ ಲೇತ್ ತಯಾರಿಸುತ್ತಿದ್ದವರು, ಹೊಳೆಯಾಚೆ ಕುಮಾರಪಟ್ಟಣದ ಪಾಲಿಫೈಬರ್ಸ್‌ನವರು ಕೌಂಟರಿಗೆ ಬಂದರೆ ಕೇಳುತ್ತಿದ್ದದ್ದು ಒಂದೇ ಮಾತು: "ಎಷ್ಟು ಕೊಡ್ತೀರಿ ಸಾರ್?" ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು, ನೌಕರಿ ಹೋದರೆ ಏನು ಗತಿ, ಮನೆ ಪತ್ರ ಯಾವಾಗ ವಾಪಸ್ಸು, ಇವನ್ನು ಕೇಳುತ್ತಲೇ ಇರಲಿಲ್ಲ. ಹಿಂದೆ ಸಾಲು ನಿಂತಿರುತ್ತಿತ್ತು, ಅವರಿಗೆ ಸಂಕೋಚ. ಕೇಳದೇ ಉಳಿದ ಆ ಪ್ರಶ್ನೆಗಳಿಗೆ ನಿನ್ನ ವೆಬ್‌ಸೈಟ್ ಉತ್ತರ ಹೇಳಬೇಕು, ಅದೂ ಹೆಸರು, ಫೋನ್ ನಂಬರ್ ಕೇಳುವ ಮೊದಲೇ. ನಂಬರ್ ಕೊಟ್ಟ ಮರುಗಳಿಗೆಯಿಂದ ಕರೆ ಮೇಲೆ ಕರೆ ಬಂದರೆ ಜನ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ.

ಕಂತಿನ ಲೆಕ್ಕ ಹಾಕುವ ಸೌಲಭ್ಯ ಎಲ್ಲರೂ ಇಡುತ್ತಾರೆ. ನೀನು ಇನ್ನೊಂದು ಹೆಜ್ಜೆ ಮುಂದೆ ಹೋಗು. 20 ಲಕ್ಷ ಸಾಲ, ಶೇ. 9 ಬಡ್ಡಿ, 20 ವರ್ಷ ಅಂದರೆ ತಿಂಗಳ ಕಂತು 17,995 ರೂಪಾಯಿ. ಒಟ್ಟು ಕಟ್ಟುವುದು 43 ಲಕ್ಷ ದಾಟುತ್ತದೆ, ಅದನ್ನೂ ಅದೇ ದಪ್ಪ ಅಕ್ಷರದಲ್ಲಿ ತೋರಿಸು. ಬಡ್ಡಿ ಶೇ. 9.5 ಆದರೆ? ಕಂತು ಅಷ್ಟೇ ಇಟ್ಟುಕೊಂಡರೆ 240 ತಿಂಗಳ ಸಾಲ ಸುಮಾರು 269 ತಿಂಗಳಿಗೆ ಎಳೆಯುತ್ತದೆ. ಕಂತು ಏರಲಿಲ್ಲ ಅಂತ ಮನೆಯವರು ನಿಶ್ಚಿಂತೆಯಿಂದ ಇರುತ್ತಾರೆ, ಅವಧಿ ಎರಡು ವರ್ಷಕ್ಕೂ ಹೆಚ್ಚು ಬೆಳೆದದ್ದು ಕಣ್ಣಿಗೇ ಬೀಳುವುದಿಲ್ಲ. ಬಡ್ಡಿ ಬದಲಾದಾಗ ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆ ಸಾಲಗಾರನಿಗೇ ಇರಬೇಕು ಎಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲೇ ಹೇಳಿದೆ. ಆ ಆಯ್ಕೆ ನಿನ್ನ ಪುಟದಲ್ಲಿ ಎದ್ದು ಕಾಣಲಿ. ಪ್ರೊಸೆಸಿಂಗ್ ಫೀ, ಲೀಗಲ್ ಖರ್ಚು, ವಿಮೆ ಎಲ್ಲ ಸೇರಿಸಿ ನಿಜವಾದ ದರ ಹೇಳುವ ವಿವರಪಟ್ಟಿಯನ್ನು, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ, 2024ರ ಅಕ್ಟೋಬರ್‌ನಿಂದ ಕೊಡಲೇಬೇಕು. ಅದರ ಮಾದರಿಯೊಂದನ್ನು ಕನ್ನಡದಲ್ಲೇ ಹಾಕಿಸು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕಾಗದಪತ್ರದ ಪುಟ. ಊರು ನಾಲ್ಕೂ ಕಡೆ ಬೆಳೆಯುತ್ತಿದೆ, ಹೊಲಗಳೆಲ್ಲ ಸೈಟಾಗುತ್ತಿವೆ. "ಲೋನ್ ಆಗುತ್ತೆ, ಅಡ್ವಾನ್ಸ್ ಕೊಡಿ" ಅನ್ನುತ್ತಾನೆ ದಲ್ಲಾಳಿ. ಆ ಜಮೀನು ಕನ್ವರ್ಷನ್ ಆಗಿದೆಯೋ, ಬಡಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದ (ದೂಡಾ) ಮಂಜೂರಾತಿ ಇದೆಯೋ, ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ ದಾಖಲೆ ಇದೆಯೋ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಇ.ಸಿ. (ಋಣಭಾರ ಪತ್ರ) ತೆಗೆದರೆ ಏನು ಬರುತ್ತದೆ, ಇದನ್ನೆಲ್ಲ ಅಡ್ವಾನ್ಸ್ ಕೊಡುವ ಮುಂಚೆ ನೋಡುವುದು ಹೇಗೆಂದು ಬರೆ. ಸಾಲ ಬೇಡದವರೂ ಆ ಪುಟ ಓದಲಿ, ಸಂಸ್ಥೆಗೆ ನಷ್ಟವೇನಿಲ್ಲ.

ಸಂಬಳದ ಚೀಟಿ ಇಲ್ಲದವರನ್ನು ಮರೆಯಬೇಡ ನೋಡವ್ವಾ. ಮಿರ್ಚಿ-ಮಂಡಕ್ಕಿ ಅಂಗಡಿಯವರು, ಆಟೋದವರು, ಭತ್ತ ಮಾರಿದಾಗ ಮಾತ್ರ ಕೈಯಲ್ಲಿ ದುಡ್ಡು ನೋಡುವ ಭದ್ರಾ ಅಚ್ಚುಕಟ್ಟಿನ ರೈತರು. ಅವರ ಆದಾಯಕ್ಕೆ ಯಾವ ದಾಖಲೆ ಒಪ್ಪುತ್ತಾರೆ ಎಂದು ಸಂಸ್ಥೆಯವರಿಂದಲೇ ಬರೆಸಿಕೋ. ಅವರು ಹಾರಿಕೆಯ ಉತ್ತರ ಕೊಟ್ಟರೆ ನೀನು ಬಿಡಬೇಡ.

ಕಂತು ತಪ್ಪಿದರೆ ಏನಾಗುತ್ತದೆ ಎಂಬ ಪುಟ ಬೇಡ, ಗಿರಾಕಿ ಹೆದರುತ್ತಾರೆ ಅಂತ ಸಂಸ್ಥೆಯವರು ಅನ್ನಬಹುದು. ಹಟ ಹಿಡಿದು ಹಾಕಿಸು. ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೆ ಹರಿಹರದ ಎಷ್ಟೋ ಮನೆಗಳಲ್ಲಿ ಜನ ಬ್ಯಾಂಕಿನ ಕಾಗದವನ್ನು ಒಡೆದೇ ನೋಡುತ್ತಿರಲಿಲ್ಲ, ಅಷ್ಟು ಭಯ. 90 ದಿನ ಬಾಕಿ ಉಳಿದರೆ ಸಾಲ ಎನ್‌ಪಿಎ ಆಗುತ್ತದೆ; ಸರ್ಫೇಸಿ ಕಾಯ್ದೆಯಲ್ಲಿ ಮನೆ ವಶಕ್ಕೆ ತೆಗೆದುಕೊಳ್ಳುವ ಮೊದಲು 60 ದಿನದ ನೋಟಿಸ್ ಕೊಡಬೇಕು. ಈ ಲೆಕ್ಕ ಗೊತ್ತಿದ್ದವನು ಮೊದಲ ಕಂತು ತಪ್ಪಿದಾಗಲೇ ಬಂದು ಮಾತಾಡುತ್ತಾನೆ. ಯಾರ ಹತ್ತಿರ ಮಾತಾಡಬೇಕು, ಅವರ ಹೆಸರು, ಶಾಖೆಯ ನಂಬರ್ ಅಲ್ಲೇ ಇರಲಿ.

ಇನ್ನು ಮನೆ ಪತ್ರ ವಾಪಸ್ಸಿನ ವಿಷಯ. ನಾನು ಶಾಖೆಯಲ್ಲಿದ್ದಾಗ ಒಬ್ಬ ಅಜ್ಜ ಸಾಲ ತೀರಿಸಿ ಕ್ರಯಪತ್ರ ತೆಗೆದುಕೊಂಡು ಹೋಗಲು ಬಂದಿದ್ದರು. ಓದಲು ಬರುತ್ತಿರಲಿಲ್ಲ. ಒಂದೊಂದೇ ಹಾಳೆ ತಿರುವಿ ಸಬ್‌ರಿಜಿಸ್ಟ್ರಾರ್ ಸೀಲು ನೋಡಿದರು, ತಮ್ಮ ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಟ್ಟು ನೋಡಿದರು, ಹಾಳೆ ಎಣಿಸಿದರು, ಆಮೇಲೆ ಟವೆಲ್‌ನಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಹೋದರು. ಈಗ ಸಾಲ ತೀರಿದ 30 ದಿನದೊಳಗೆ ಮೂಲಪತ್ರ ವಾಪಸ್ ಕೊಡಬೇಕು. ಸಂಸ್ಥೆಯ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಈ ನಿಯಮ 2023ರ ಡಿಸೆಂಬರ್‌ನಿಂದ ಇದೆ. ಪತ್ರ ಯಾವ ಶಾಖೆಯಲ್ಲಿದೆ, ಯಾವತ್ತು ಸಿಗುತ್ತದೆ ಎಂದು ಸಾಲಗಾರ ಮೊಬೈಲ್‌ನಲ್ಲೇ ನೋಡುವ ಹಾಗೆ ಮಾಡಲು ಆಗುತ್ತದಾ? ಹಾಗೆ ಮಾಡಲಾದರೆ ಅದೊಂದಕ್ಕೇ ಜನ ನಿನ್ನನ್ನು ನೆನೆಸಿಕೊಳ್ಳುತ್ತಾರೆ.

ದೊಡ್ಡ ಫೋಟೋ, ಓಡಾಡುವ ಚಿತ್ರ ಕಡಿಮೆ ಮಾಡು. ಹಳ್ಳಿ ಕಡೆ ನೆಟ್‌ವರ್ಕ್ ನಿನಗೇ ಗೊತ್ತಲ್ಲ. ಕನ್ನಡ ಪುಟಗಳು ಆದ ತಕ್ಷಣ ನನಗೆ ಕಳಿಸು. ಪಕ್ಕದ ಬೀದಿಯ ಬೆಣ್ಣೆದೋಸೆ ಹೋಟೆಲಿನ ಅಡುಗೆಯವರು ಮನೆ ಕಟ್ಟಿಸಬೇಕು ಅಂತಿದ್ದಾರೆ, ಅವರ ಕೈಲಿ ಓದಿಸುತ್ತೇನೆ. ಎಲ್ಲೆಲ್ಲಿ ಅರ್ಥವಾಗಲಿಲ್ಲವೋ ಗುರುತು ಹಾಕಿ ಕಳಿಸುತ್ತೇನೆ. ರಾತ್ರಿ ತುಂಬಾ ಹೊತ್ತು ಕೂರಬೇಡ, ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ,
ಅಪ್ಪ