ಓದದೆ ಒತ್ತಿದ ‘ವೈ’

ಪ್ರಾಜೆಕ್ಟ್ ಡೆಮೋದ ಹಿಂದಿನ ರಾತ್ರಿ ಲ್ಯಾಬ್ ಸರ್ವರ್‌ನ ಉಬುಂಟು ಅಪ್‌ಗ್ರೇಡ್ ಮಾಡೋಕೆ ಕೂತೆ. “ಇವತ್ತು ಬೇಡ ಕಣೋ” ಅಂದ ರೂಮ್‌ಮೇಟ್. ಕೇಳಲಿಲ್ಲ. ಅರ್ಧದಲ್ಲಿ ಪ್ರಶ್ನೆ ಬಂತು: ಅಪಾಚೆಯ ಕಾನ್ಫಿಗ್ ಫೈಲ್ ಬದಲಾಗಿದೆ, ಹೊಸದನ್ನು ಹಾಕಲೇ? ನಿದ್ದೆಗಣ್ಣಲ್ಲಿ ‘ವೈ’ ಒತ್ತಿದೆ. ಆಮೇಲೆ ನಮ್ಮ ಸೈಟ್ ತೆರೆಯಲೇ ಇಲ್ಲ. ಸೀನಿಯರ್ಸ್ ಬರೆದಿಟ್ಟಿದ್ದ ಸಾಲುಗಳೆಲ್ಲ ಮಾಯ! ಎದೆ ಧಸಕ್ಕೆಂದಿತು.

ಪುಣ್ಯಕ್ಕೆ ಹಳೆ ಫೈಲ್ ಅಳಿದಿರಲಿಲ್ಲ; ಹೆಸರಿನ ಕೊನೆಗೆ ‘ಡಿಪಿಕೆಜಿ-ಓಲ್ಡ್’ ಅಂತ ಅಂಟಿಸಿಕೊಂಡು ಅದೇ ಫೋಲ್ಡರ್‌ನಲ್ಲಿ ಕೂತಿತ್ತು. ಅದರ ಸಾಲುಗಳನ್ನು ಹೊಸದಕ್ಕೆ ಸೇರಿಸುವಷ್ಟರಲ್ಲಿ ಬೆಳಗಾಯ್ತು. ಬರೀ ಎಂಟರ್ ಒತ್ತಿದ್ದರೂ ನಮ್ಮದೇ ಉಳಿಯುತ್ತಿತ್ತು. ‘ಡಿ’ ಒತ್ತಿದ್ದರೆ ಎರಡರ ವ್ಯತ್ಯಾಸ ಕಾಣುತ್ತಿತ್ತು.

ಡೆಮೋ ಆಯ್ತು, ಕೆಂಪು ಕಣ್ಣಲ್ಲಿ. ಈಗ ಅಪ್‌ಗ್ರೇಡ್‌ಗೆ ಮೊದಲು ‘ಇಟಿಸಿ’ ಫೋಲ್ಡರ್ ಪೂರ್ತಿ ಬ್ಯಾಕಪ್ ತಗೋತೀನಿ. ಪ್ರಶ್ನೆ ಬಂದರೆ, ಓದ್ತೀನಿ.