ಇರುಂಗಾಟ್ಟುಕೋಟ್ಟೈಯ ತಿರುವುಗಳು

ಬೆಂಗಳೂರಿನಿಂದ ಚೆನ್ನೈಗೆ ಸಾಗುವ ಹೆದ್ದಾರಿಯಲ್ಲಿ ದೊರೆಯುವ ಶ್ರೀಪೆರುಂಬುದೂರು ಕನ್ನಡಿಗರಿಗೆ ಅಪರಿಚಿತವಲ್ಲ. ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜಾಚಾರ್ಯರ ಜನ್ಮಸ್ಥಳವದು. ಅಲ್ಲಿಂದ ಕೆಲವೇ ಕಿಲೋಮೀಟರು ಮುಂದೆ ಇರುಂಗಾಟ್ಟುಕೋಟ್ಟೈ. ಸ್ಪರ್ಧೆಯ ದಿನಗಳಲ್ಲಿ ದೇವಾಲಯದ ಘಂಟಾನಾದವನ್ನು ಕೇಳಿ ಬಂದ ಕಿವಿಗೆ ಇಲ್ಲಿ ಎಂಜಿನುಗಳ ಆರ್ಭಟವೇ ಸ್ವಾಗತ!

ಹಿಂದೆ ಮದರಾಸಿನ ಮೋಟಾರು ಸ್ಪರ್ಧೆಗಳು ನಗರದ ಉತ್ತರಕ್ಕಿರುವ ಷೋಲಾವರಂನ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದುವು. ಸ್ಪರ್ಧೆಗೆಂದೇ ನಿರ್ಮಿಸಿದ ಈ ಪಥವು 1990ರಲ್ಲಿ ತೆರೆಯಿತು. ಇದರ ಉದ್ದ ಸುಮಾರು 3.7 ಕಿಲೋಮೀಟರು; ತಿರುವುಗಳು 12. ನೇರದಾರಿಯಲ್ಲಿ ಎಂಜಿನು ಗಳಿಸಿಕೊಟ್ಟುದನ್ನು ಈ ತಿರುವುಗಳು ಕ್ಷಣಮಾತ್ರದಲ್ಲಿ ಕಸಿದುಕೊಳ್ಳಬಲ್ಲವು.

ಆದುದರಿಂದ ಇಲ್ಲಿ ನೋಡತಕ್ಕ ದೃಶ್ಯ ಸ್ಪರ್ಧೆಗಿಂತ ಮುಂಚಿನದು. ವಾರವೆಲ್ಲ ಕಚೇರಿಯಲ್ಲಿ ದುಡಿದು, ಉಳಿಸಿದ ಹಣದಿಂದ ಕಾರನ್ನು ಅಣಿಗೊಳಿಸಿದ ಹವ್ಯಾಸಿಯು ಮಂಡಿಯೂರಿ ಟೈರನ್ನು ಪರೀಕ್ಷಿಸುತ್ತಿರುತ್ತಾನೆ. ಟೈರಿನ ಒಳ ಅಂಚು, ನಡು, ಹೊರ ಅಂಚುಗಳ ಶಾಖವನ್ನು ಬೇರೆಬೇರೆಯಾಗಿ ಅಳೆಯುತ್ತಾನೆ. ನಡುಭಾಗವೇ ಹೆಚ್ಚು ಕಾದಿದ್ದರೆ ಗಾಳಿ ಅಧಿಕವಾಯಿತೆಂದು ಅರ್ಥ. ಹೊರ ಅಂಚು ಮಿತಿಮೀರಿ ಕಾದಿದ್ದರೆ ಚಕ್ರದ ತಲೆಯನ್ನು ಇನ್ನಷ್ಟು ಒಳಕ್ಕೆ ವಾಲಿಸಬೇಕು.

ತಿರುವಿನಲ್ಲಿ ಕಾರಿನ ಮೂತಿ ಚಾಲಕನ ಮಾತು ಕೇಳದೆ ಹೊರಕ್ಕೆ ಸರಿಯುವುದುಂಟು. ಮುಂದಿನ ಟೈರುಗಳು ನೆಲದ ಹಿಡಿತವನ್ನು ಕಳೆದುಕೊಂಡುದರ ಲಕ್ಷಣವಿದು. ಎಡಬಲದ ಚಕ್ರಗಳನ್ನು ಜೋಡಿಸಿ ಕಾರು ಮಗ್ಗುಲಿಗೆ ವಾಲುವುದನ್ನು ತಡೆಯುವ ಮುಂದಿನ ಸರಳನ್ನು ತುಸು ಮೆದುಗೊಳಿಸುವುದು ಇದಕ್ಕೊಂದು ಮದ್ದು. ಆದರೆ ಮದ್ದು ಹೆಚ್ಚಾದರೆ ಬಾಲವೇ ಹೊರಕ್ಕೆ ಬೀಸುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕಾರು ಬಂದ ದಾರಿಗೆ ಮುಖ ಮಾಡಿ ನಿಂತೀತು. ಅನುಭವ ಸಾಲದವನಿಗೆ ಮೊಂಡು ಕಾರಿಗಿಂತ ಈ ಚಂಚಲ ಕಾರು ಅಪಾಯಕಾರಿ. ಅವನ ಪಾಲಿಗೆ ಮುರಿದ ಕಾರೆಂದರೆ ಅನೇಕ ತಿಂಗಳುಗಳ ಉಳಿತಾಯವೇ ಮಣ್ಣುಗೂಡಿದಂತೆ.

ಇಲ್ಲಿ ಆತುರಗಾರನಿಗೆ ಉಳಿಗಾಲವಿಲ್ಲ. ರೋಗಿಗೆ ಎರಡು ಔಷಧಗಳನ್ನು ಒಮ್ಮೆಗೇ ಕೊಟ್ಟ ವೈದ್ಯನಿಗೆ ಗುಣ ಯಾವುದರಿಂದಾಯಿತೆಂದು ತಿಳಿಯದು. ಹಾಗೆಯೇ ಸ್ಪ್ರಿಂಗು, ಸರಳು, ಗಾಳಿಗಳನ್ನು ಒಟ್ಟಿಗೆ ಬದಲಿಸಿದವನು ಏನನ್ನೂ ಕಲಿಯಲಾರ. ಬಲ್ಲವನು ಒಂದೇ ಬದಲಾವಣೆ ಮಾಡಿ, ಕೆಲವು ಸುತ್ತು ಓಡಿಸಿ, ಫಲವನ್ನು ಪುಸ್ತಕದಲ್ಲಿ ಬರೆದಿಡುತ್ತಾನೆ. ಮಧ್ಯಾಹ್ನದ ಬಿಸಿಲಿಗೆ ನೆಲ ಕಾದಾಗ ಬೆಳಗಿನ ಲೆಕ್ಕವೂ ತಪ್ಪೀತು, ಮತ್ತೆ ಮಂಡಿಯೂರಬೇಕು.

ಸಂಜೆ ಪಥವು ಮೌನವಾಗುತ್ತದೆ. ಇಡೀ ದಿನದ ದುಡಿಮೆಯಿಂದ ಉಳಿದುದು ಸುತ್ತಿಗೆ ಒಂದು ಸೆಕೆಂಡಿಗೂ ಕಡಿಮೆಯಿದ್ದೀತು. ಆದರೂ ಮಸಿ ಹತ್ತಿದ ಬೆರಳುಗಳಿಂದ ಅಷ್ಟನ್ನೇ ಬರೆದುಕೊಂಡು, ಪುಸ್ತಕವನ್ನು ಜೋಪಾನವಾಗಿ ಜೇಬಿಗಿಳಿಸಿ, ಅವನು ಮನೆಯ ದಾರಿ ಹಿಡಿಯುತ್ತಾನೆ.