ಮುರ್ಕಲ್ ಯಾರದು?

ನಮ್ಮ ಕೆಂಗೇರಿ ದಾಟಿಯೇ ಶನಿವಾರದ ಕಾರುಗಳೆಲ್ಲ ನಾಗರಹೊಳೆಗೆ ಹೋಗೋದು. ಅಲ್ಲಿ ರಾಷ್ಟ್ರೀಯ ಉದ್ಯಾನದ ಒಳಗೇ ಇರೋ ಮುರ್ಕಲ್ ಜಾಗವನ್ನು 90ರ ದಶಕದಲ್ಲಿ ತಾಜ್ ಗುಂಪಿನ ರೆಸಾರ್ಟಿಗೆ ಗುತ್ತಿಗೆ ಕೊಟ್ಟಿದ್ದರು. ಜೇನು ಕುರುಬರನ್ನ ಹಾಡಿಯಿಂದ ಎಬ್ಬಿಸಿದ್ದೂ ಇದೇ ಕಾಡಲ್ಲಿ, ನೋಡಿ! ಆದಿವಾಸಿಗಳು ಬೀದಿಗಿಳಿದರು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಗುತ್ತಿಗೆ ರದ್ದು ಮಾಡಿತು. ಅರಣ್ಯ ಸಂರಕ್ಷಣಾ ಕಾಯ್ದೆಗೆ ಬೇಕಾದ ಕೇಂದ್ರದ ಒಪ್ಪಿಗೆಯೇ ಇರಲಿಲ್ಲ.

ರೆಸಾರ್ಟ್ ತಪ್ಪಿತು. ಆದರೆ ಆ ನೆಲ ಮುಂದೆ ಯಾರ ಕೈಗೆ? 2006ರ ಅರಣ್ಯ ಹಕ್ಕು ಕಾಯ್ದೆ ಉದ್ಯಾನದ ಒಳಗೂ ಅನ್ವಯಿಸುತ್ತೆ, ಗ್ರಾಮಸಭೆಯನ್ನ ಕೇಳಲೇಬೇಕು. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ 52 ಜೇನು ಕುರುಬ ಕುಟುಂಬಗಳು ತಮ್ಮ ಹಳೇ ಹಾಡಿಗೆ ವಾಪಸ್ ಬಂದವು. ಅವರಿಗೆ ಎದುರಾಗಿದ್ದು ಹಕ್ಕುಪತ್ರ ಅಲ್ಲ, ಅರಣ್ಯ ಇಲಾಖೆ. ರೆಸಾರ್ಟಿಗೆ ಸಲೀಸಾಗಿ ಸಹಿ ಬಿದ್ದ ಕಾಡಲ್ಲಿ ಇವರ ಅರ್ಜಿಗೆ ಯಾಕೆ ಬೀಳಲ್ಲ ಅಂತ ನಾನು ಕೇಳ್ತಿದ್ದೀನಿ. ನೀವೂ ಕೇಳಿ.